ತೂಗುವುದು ಉಣಿಸುವುದಕ್ಕೆ: ಮರಿಯಾ ಮಾಂಟೆಸ್ಸರಿಯವರ ಬದುಕು



ಜೂನ್ ತಿಂಗಳು ಬಂತೆಂದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೇ ಶುರುವಾಗುತ್ತವೆ. ಒಂದು ಬಿತ್ತನೆಯದು, ಇನ್ನೊಂದು ಮಗುವಿನ ಶಾಲೆಯದು. ಮೂರು ತುಂಬಿದ ಮಗುವನ್ನು ಊರಿನ ಅಂಗನವಾಡಿಗೆ ಕಳಿಸುವುದೋ, ಇಲ್ಲವೇ ವ್ಯಾನು ಹತ್ತಿಸಿ ಶಿರಾಳಕೊಪ್ಪಕ್ಕೋ ಆನವಟ್ಟಿಗೋ ಎಲ್‌ಕೆಜಿಗೆ ಕಳಿಸುವುದೋ? ಯಾವ ಶಾಲೆ ಒಳ್ಳೆಯದು ಎಂದು ತಿಳಿಯುವುದು ಹೇಗೆ? ಟೈ, ಬೂಟು ಇದೆಯೇ, ಸಂಜೆ ಮನೆಗೆ ಬಂದ ಮಗು ಇಂಗ್ಲಿಷ್ ರೈಮ್ಸ್ ಹೇಳುತ್ತದೆಯೇ, ನೋಟ್‌ಬುಕ್ಕಿನ ತುಂಬ ಅಕ್ಷರ ತಿದ್ದಿಸಿದ್ದಾರೆಯೇ ಎಂಬುದೇ ನಮ್ಮ ಅಳತೆಗೋಲು. ಇಲಾಖೆಯ ಅಳತೆಗೋಲು ಬೇರೆ: ಕಟ್ಟಡ, ಶೌಚಾಲಯ, ಹಾಜರಿ ಪುಸ್ತಕ. ಎರಡು ಅಳತೆಗಳ ನಡುವೆ ಮಗು ಮಾತ್ರ ಸುಮ್ಮನೆ ಕೂತಿರುತ್ತದೆ.

ಚಿಕ್ಕಮಕ್ಕಳ ಶಾಲೆಯನ್ನು ಅಳೆಯುವುದು ಹೇಗೆ, ಅಳೆದ ಮೇಲೆ ಮಾಡಬೇಕಾದುದೇನು ಎಂಬ ಪ್ರಶ್ನೆಗೆ ತನ್ನ ಇಡೀ ಆಯುಷ್ಯವನ್ನು ಕೊಟ್ಟ ಒಬ್ಬ ಕಥೋಲಿಕ ಮಹಿಳೆ ಇದ್ದರು. ಅವರ ಹೆಸರು ನಮಗೆಲ್ಲ ಗೊತ್ತು, ಏಕೆಂದರೆ ಅದು ಪಟ್ಟಣಗಳಲ್ಲಿ ಅನೇಕ ಶಾಲೆಗಳ ಬೋರ್ಡಿನ ಮೇಲಿದೆ. ಬದುಕು ಅಷ್ಟಾಗಿ ಗೊತ್ತಿಲ್ಲ. ಮರಿಯಾ ಮಾಂಟೆಸ್ಸರಿಯವರ ಆ ಬದುಕನ್ನು ಇಂದು ನೆನೆಯೋಣ.

ವೈದ್ಯೆಯಾದ ಹುಡುಗಿ

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನಾ ನಗರದ ಹತ್ತಿರದ ಕ್ಯಾರವಾಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಸ್ಸಾಂದ್ರೊ ಸರ್ಕಾರಿ ಅಧಿಕಾರಿ, ಹಳೆಯ ಕಾಲದ ಶಿಸ್ತಿನ ಮನುಷ್ಯ. ತಾಯಿ ರೆನಿಲ್ದೆ ಓದುಬರಹ ಬಲ್ಲವರು, ಭಕ್ತೆ. ಮಗಳ ಕೈಯಿಂದ ಬಡವರಿಗಾಗಿ ಉಣ್ಣೆಯ ಬಟ್ಟೆ ಹೆಣೆಸುತ್ತಿದ್ದರು. ಮರಿಯಾ ಐದು ವರ್ಷದವರಿದ್ದಾಗ ಕುಟುಂಬ ರೋಮ್ ನಗರಕ್ಕೆ ಬಂತು.

ಹೆಣ್ಣುಮಕ್ಕಳು ಹೆಚ್ಚೆಂದರೆ ಶಿಕ್ಷಕಿಯರಾಗಬಹುದು ಎಂದು ಜನ ತಿಳಿದಿದ್ದ ಕಾಲ ಅದು. ಮರಿಯಾ ಮೊದಲು ಹುಡುಗರ ತಾಂತ್ರಿಕ ಶಾಲೆಗೆ ಸೇರಿದರು, ಆಮೇಲೆ ವೈದ್ಯಕೀಯ ಓದುತ್ತೇನೆಂದರು. ತಂದೆಗೆ ಇಷ್ಟವಿರಲಿಲ್ಲ, ತಾಯಿ ಬೆನ್ನಿಗೆ ನಿಂತರು. ಗಂಡಸರ ನಡುವೆ ನಿಂತು ಶವ ಕೊಯ್ಯುವುದು ಹೆಣ್ಣಿಗೆ ತಕ್ಕದ್ದಲ್ಲವೆಂದು, ಎಲ್ಲರೂ ಹೋದ ಮೇಲೆ ಒಬ್ಬರೇ ಆ ಕೋಣೆಯಲ್ಲಿ ಕಲಿಯಬೇಕಾಯಿತು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಇಟಲಿಯ ಮೊದಮೊದಲ ವೈದ್ಯೆಯರಲ್ಲಿ ಅವರೊಬ್ಬರು.

ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದ ಕೆಲಸ ಅವರನ್ನು ನಗರದ ಹುಚ್ಚಾಸ್ಪತ್ರೆಗಳಿಗೆ ಕರೆದೊಯ್ಯಿತು. ಅಲ್ಲಿ ಬುದ್ಧಿ ಬೆಳೆಯದವರೆಂದು ಹಣೆಪಟ್ಟಿ ಹಚ್ಚಿದ ಮಕ್ಕಳನ್ನು ದೊಡ್ಡವರ ಜೊತೆಗೇ ಕೂಡಿಹಾಕಿದ್ದರು. ಊಟವಾದ ಮೇಲೆ ಆ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗೆ ಮುಗಿಬೀಳುತ್ತಿದ್ದವು. ನೋಡಿಕೊಳ್ಳುವ ಹೆಂಗಸಿಗೆ ಅದು ಹೊಟ್ಟೆಬಾಕತನವಾಗಿ ಕಂಡಿತು. ಮರಿಯಾ ಕೋಣೆಯ ಸುತ್ತ ನೋಡಿದರು. ಮಕ್ಕಳು ಕೈಯಲ್ಲಿ ಹಿಡಿಯುವಂಥ ಒಂದೇ ಒಂದು ವಸ್ತುವೂ ಅಲ್ಲಿರಲಿಲ್ಲ. ಆ ಹಸಿವು ಹೊಟ್ಟೆಯದಲ್ಲ, ಕೈಯದು ಮತ್ತು ಮನಸ್ಸಿನದು ಎಂದು ಅವರಿಗೆ ಹೊಳೆಯಿತು. ದೋಷ ಮಕ್ಕಳಲ್ಲಿ ಅಲ್ಲ, ಕೋಣೆಯಲ್ಲಿತ್ತು.

ಇಟಾರ್ ಮತ್ತು ಸೆಗುಯೆ ಎಂಬ ಇಬ್ಬರು ಫ್ರೆಂಚ್ ವೈದ್ಯರು ಇಂಥ ಮಕ್ಕಳಿಗಾಗಿ ಬರೆದಿದ್ದ ಗ್ರಂಥಗಳನ್ನು ಮರಿಯಾ ಓದಿದರು, ಮುಟ್ಟಿ ಕಲಿಯುವ ಸಲಕರಣೆಗಳನ್ನು ಮಾಡಿಸಿದರು. 1900ರಲ್ಲಿ ರೋಮ್‌ನಲ್ಲಿ ಆರಂಭವಾದ ವಿಶೇಷ ಶಾಲೆಯ ನಿರ್ದೇಶಕರಲ್ಲಿ ಒಬ್ಬರಾಗಿ, ಹಗಲು ಮಕ್ಕಳ ಜೊತೆಗೆ ಇದ್ದು, ರಾತ್ರಿ ಟಿಪ್ಪಣಿ ಬರೆದರು. ಕೆಲವು ಮಕ್ಕಳು ಸಾಮಾನ್ಯ ಶಾಲೆಯ ಸರ್ಕಾರಿ ಪರೀಕ್ಷೆಗೆ ಕೂತು ತೇರ್ಗಡೆಯಾದರು. ಊರೆಲ್ಲ ಇದನ್ನು ಪವಾಡವೆಂದು ಹೊಗಳಿತು. ಮರಿಯಾ ಮಾತ್ರ ಬೇರೆಯದನ್ನೇ ಯೋಚಿಸಿದರು: ಹುಚ್ಚಾಸ್ಪತ್ರೆಯ ಮಕ್ಕಳು ಆರೋಗ್ಯವಂತ ಮಕ್ಕಳ ಮಟ್ಟಕ್ಕೆ ಬಂದರೆಂದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಎಷ್ಟು ಕೆಳಗೆ ಹಿಡಿದಿಟ್ಟಿರಬೇಕು? ಮಗುವನ್ನು ಅಳೆಯಲೆಂದು ಇಟ್ಟ ಪರೀಕ್ಷೆಯಿಂದ ಅವರು ಶಾಲೆಯನ್ನೇ ಅಳೆದುಬಿಟ್ಟರು.

ಈ ವರ್ಷಗಳಲ್ಲೇ ಅವರ ಬದುಕಿನ ಅತಿ ದೊಡ್ಡ ನೋವೂ ಇದೆ. ಜೊತೆಯ ವೈದ್ಯರಾದ ಜುಸೆಪ್ಪೆ ಮೊಂತೆಸಾನೊ ಅವರಿಂದ 1898ರಲ್ಲಿ ಮರಿಯಾಗೆ ಮಾರಿಯೊ ಎಂಬ ಗಂಡುಮಗು ಹುಟ್ಟಿತು. ಮದುವೆ ಆಗಲಿಲ್ಲ. ಮಗುವನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಬೆಳೆಯಲು ಬಿಟ್ಟರು. ತಾಯಿ ಆಗಾಗ ಹೋಗಿ ದೂರದಿಂದ ನೋಡಿಬರುತ್ತಿದ್ದರು. ಮಗ ಅವರ ಬಳಿಗೆ ಬಂದದ್ದು ಹದಿನೈದರ ಸುಮಾರಿಗೆ, ಅದೂ ಜನರ ಮುಂದೆ ಸೋದರಳಿಯನೆಂಬ ಹೆಸರಿನಲ್ಲಿ. ಲೋಕದ ಮಕ್ಕಳಿಗೆಲ್ಲ ಬಾಲ್ಯವನ್ನು ಕೊಡಲು ಹೊರಟವರು ಸ್ವಂತ ಮಗನ ಬಾಲ್ಯವನ್ನು ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳುವುದು ಸತ್ಯಕ್ಕೆ ಸಲ್ಲದು. ಇದನ್ನೇ ಎತ್ತಿ ಅವರನ್ನು ತೂಗುವುದು ಪ್ರೀತಿಗೆ ಸಲ್ಲದು.

ಸಾನ್ ಲೊರೆನ್ಸೊದ ಮಕ್ಕಳ ಮನೆ

ರೋಮ್‌ನ ಸಾನ್ ಲೊರೆನ್ಸೊ ಬಡಕೂಲಿಗಳ ಬಡಾವಣೆ. ಒಂದು ಗೃಹನಿರ್ಮಾಣ ಸಂಸ್ಥೆ ಅಲ್ಲಿನ ಹಳೆಯ ವಠಾರಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿತು. ತಂದೆತಾಯಿ ಕೂಲಿಗೆ ಹೋದ ಮೇಲೆ ಚಿಕ್ಕಮಕ್ಕಳು ಮೆಟ್ಟಿಲು, ಗೋಡೆಗಳನ್ನು ಹಾಳುಗೆಡವುತ್ತಿದ್ದರು. ಅವರನ್ನು ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಳ್ಳಲು ಮಾಂಟೆಸ್ಸರಿಯವರನ್ನು ಕರೆದರು. ಮಾಲೀಕರ ಚಿಂತೆ ಗೋಡೆಯದು. ಆದರೂ ದೇವರು ಆ ಚಿಂತೆಯಿಂದಲೇ ದಾರಿ ತೆರೆದರು.

1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಸುಮಾರು ಐವತ್ತು ಮಕ್ಕಳೊಂದಿಗೆ ಮಕ್ಕಳ ಮನೆ ಆರಂಭವಾಯಿತು. ಅಂದಿನ ಬಲಿಪೂಜೆಯ ವಾಚನ ಪ್ರವಾದಿ ಯೆಶಾಯನದು, ಕತ್ತಲೆಯ ಮೇಲೆ ಬೆಳಕು ಉದಯಿಸುವ ಭಾಗ. ಅತ್ತು ಅತ್ತು ಮುಖ ಬಾಡಿದ ಆ ಬಡಮಕ್ಕಳ ಎದುರು ಮರಿಯಾ ಅದನ್ನೇ ನೆನೆದರು.

ಶಿಕ್ಷಕಿಯಾಗಿ ಸಿಕ್ಕಿದ್ದು ತರಬೇತಿಯಿಲ್ಲದ ಒಬ್ಬ ಸಾಮಾನ್ಯ ಹೆಂಗಸು. ಗೋಡೆಯ ಮೇಲೆ ನಿಯಮಗಳ ಪಟ್ಟಿಯೊಂದಿತ್ತು. ಶುಲ್ಕವಿಲ್ಲ. ಮಗುವನ್ನು ಮೈ ತೊಳೆದು, ಶುಭ್ರ ಬಟ್ಟೆ ತೊಡಿಸಿ ಕಳಿಸಬೇಕು. ತಾಯಿ ವಾರಕ್ಕೊಮ್ಮೆಯಾದರೂ ಬಂದು ಶಿಕ್ಷಕಿಯೊಡನೆ ಮಗುವಿನ ವಿಷಯ ಮಾತಾಡಬೇಕು. ಶಿಕ್ಷಕಿ ಅದೇ ವಠಾರದಲ್ಲಿ ವಾಸವಿರಬೇಕು. ಮಕ್ಕಳ ತೂಕ, ಎತ್ತರಗಳನ್ನು ತಪ್ಪದೆ ಅಳೆದು ಬರೆದಿಡುತ್ತಿದ್ದರು. ಮರಿಯಾ ವೈದ್ಯೆಯಲ್ಲವೇ! ರೋಗಿಯ ನಾಡಿ ಹಿಡಿದು ನೋಡುವಂತೆ ಅವರು ಶಾಲೆಯ ನಾಡಿ ಹಿಡಿದು ಕೂತರು.

ಅವರು ಕಂಡದ್ದೇನು? ಮೂರು ವರ್ಷದ ಒಂದು ಹೆಣ್ಣುಮಗು ಮರದ ಗಟ್ಟಿಗಳನ್ನು ಅವುಗಳ ಗುಂಡಿಗಳಲ್ಲಿ ಕೂರಿಸುವುದು, ತೆಗೆಯುವುದು, ಮತ್ತೆ ಕೂರಿಸುವುದು. ಸುತ್ತ ಹಾಡಿದರೂ, ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರೂ ಅದು ನಿಲ್ಲಿಸಲಿಲ್ಲ. ನಾಲ್ವತ್ತಕ್ಕೂ ಹೆಚ್ಚು ಸಲ ಮಾಡಿ, ನಿದ್ದೆಯಿಂದ ಎದ್ದಂತೆ ನಗುತ್ತ ಎದ್ದಿತು. ಮೂರು ವರ್ಷದ ಮಗುವಿಗೆ ಗಮನ ನಿಲ್ಲದು ಎಂಬ ಮಾತು ಅಂದೇ ಸುಳ್ಳಾಯಿತು.

ಇನ್ನೊಂದು ದಿನ ಶಿಕ್ಷಕಿ ತಡವಾಗಿ ಬಂದರು. ಹಿಂದಿನ ದಿನ ಬೀರುವಿಗೆ ಬೀಗ ಹಾಕಲು ಮರೆತಿದ್ದರು. ಬಂದು ನೋಡಿದರೆ ಮಕ್ಕಳು ತಾವೇ ಸಾಮಾನು ತೆಗೆದುಕೊಂಡು ಕೆಲಸದಲ್ಲಿ ತೊಡಗಿದ್ದಾರೆ. ಶಿಕ್ಷಕಿಗೆ ಅದು ಕಳ್ಳತನವಾಗಿ ಕಂಡಿತು. ಮಾಂಟೆಸ್ಸರಿ ಮಕ್ಕಳನ್ನು ಗದರಲಿಲ್ಲ, ಬದಲಿಸಿದ್ದು ಬೀರುವನ್ನು. ಮಕ್ಕಳ ಕೈಗೆ ಎಟಕುವ, ಬೀಗವಿಲ್ಲದ ಗಿಡ್ಡ ಕಪಾಟುಗಳು ಬಂದವು. ಇಂದು ನಾವು ಗುಣಮಟ್ಟದ ಸುಧಾರಣೆ ಎಂದು ದೊಡ್ಡ ಮಾತಿನಲ್ಲಿ ಹೇಳುವುದರ ಗುಟ್ಟು ಇಷ್ಟೇ. ತಪ್ಪು ಕಂಡಾಗ ಯಾರನ್ನು ಬೈಯಲಿ ಎಂದು ಹುಡುಕದೆ, ಏನನ್ನು ಬದಲಿಸಲಿ ಎಂದು ಹುಡುಕುವುದು.

ಬಹುಮಾನಗಳ ಕಥೆಯೂ ಹಾಗೆಯೇ. ಜಾಣ ಮಗುವಿನ ಎದೆಗೆ ಬೆಳ್ಳಿಯ ಶಿಲುಬೆ ತೂಗುಹಾಕುವ ಪದ್ಧತಿಯಿತ್ತು. ತುಂಟನನ್ನು ಕುರ್ಚಿಯಲ್ಲಿ ಒಬ್ಬನನ್ನೇ ಕೂರಿಸುವುದು ಶಿಕ್ಷೆ. ಒಂದು ದಿನ ಬಹುಮಾನ ಪಡೆದ ಹುಡುಗ ಕೆಲಸದ ಭರದಲ್ಲಿ ಓಡಾಡುವಾಗ ಪದಕ ಕೆಳಗೆ ಬಿತ್ತು. ಶಿಕ್ಷೆಗೆ ಕೂತಿದ್ದವನು ಅದನ್ನೆತ್ತಿ ತೋರಿಸಿದ. ಬೇಕಾದರೆ ನೀನೇ ಹಾಕಿಕೋ ಎಂಬಂತೆ ಮೊದಲಿನವನು ತನ್ನ ಕೆಲಸಕ್ಕೆ ಹೊರಟುಹೋದ. ಕೆಲಸವಿದ್ದವನಿಗೆ ಪದಕ ಬೇಕಿರಲಿಲ್ಲ, ಕೆಲಸವಿಲ್ಲದವನಿಗೆ ಮಾತ್ರ ಅದು ಸಮಾಧಾನ ಕೊಟ್ಟಿತು. ಅಲ್ಲಿಗೆ ಆ ಮನೆಯಲ್ಲಿ ಬಹುಮಾನ, ಶಿಕ್ಷೆ ಎರಡೂ ನಿಂತವು.

ಅಕ್ಷರ ಕಲಿಸುವ ಯೋಜನೆಯೇ ಅವರಿಗೆ ಮೊದಲು ಇರಲಿಲ್ಲ. ಓದುಬರಹ ಬಾರದ ತಾಯಂದಿರೇ ಬಂದು ಬೇಡಿಕೊಂಡರು. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಮಕ್ಕಳು ಬೆರಳಿನಿಂದ ಸವರಿ ಸವರಿ ಕಲಿತರು. ಗುಡಿಸುವುದು, ಗುಂಡಿ ಹಾಕುವುದು, ನೀರು ಸುರಿಯುವುದು ಇವುಗಳಿಂದ ಹದಗೊಂಡ ಕೈ ಒಂದು ದಿನ ತಾನಾಗಿಯೇ ಬರೆಯಿತು. ಎಲ್‌ಕೆಜಿ ಮಗುವಿಗೆ ನಾಲ್ಕು ಪುಟ ಹೋಮ್‌ವರ್ಕ್ ಇಲ್ಲವೆಂದು ಶಾಲೆ ಬದಲಿಸುವ ನಾವು ಇದನ್ನು ಗಮನಿಸಬೇಕು. ಅಕ್ಷರ ಬಂತು, ಆದರೆ ಕೈ ಹದವಾದ ಮೇಲೆ ಬಂತು.

ಕೀರ್ತಿ ಮತ್ತು ಪರೀಕ್ಷೆ

1909ರಲ್ಲಿ ಚಿತ್ತಾ ದಿ ಕಾಸ್ತೆಲ್ಲೊ ಎಂಬಲ್ಲಿ ಮರಿಯಾ ಶಿಕ್ಷಕಿಯರಿಗೆ ಮೊದಲ ತರಬೇತಿ ನಡೆಸಿದರು, ಅದೇ ವರ್ಷ ತಮ್ಮ ಪದ್ಧತಿಯ ಗ್ರಂಥ ಪ್ರಕಟಿಸಿದರು. 1908ರ ಮೆಸ್ಸೀನಾ ಭೂಕಂಪದಲ್ಲಿ ಅನಾಥರಾದ ಮಕ್ಕಳಿಗೆ ರೋಮ್‌ನ ಫ್ರಾನ್ಸಿಸ್ಕನ್ ಮಿಷನರಿ ಧರ್ಮಭಗಿನಿಯರು ಆಶ್ರಯ ಕೊಟ್ಟಿದ್ದರು. ಅವರ ಕಾನ್ವೆಂಟಿನಲ್ಲೇ ಮಕ್ಕಳ ಮನೆಯೊಂದು ತೆರೆಯಿತು. ಮುಂದೆ ಸ್ಪೇನ್ ದೇಶದ ಬಾರ್ಸಿಲೋನದಲ್ಲಿ ಮಕ್ಕಳು ಗೋಧಿ ಬಿತ್ತಿ, ದ್ರಾಕ್ಷಿ ನೆಟ್ಟು ಬೆಳೆಸಿ, ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತದೆಂದು ಕೈಯಾರೆ ತಿಳಿದರು.

ಕೀರ್ತಿಯ ಜೊತೆ ಅಪಾಯವೂ ಬಂತು. ಯಾರು ಬೇಕಾದರೂ ನಾಲ್ಕು ಮರದ ಸಾಮಾನು ತಂದಿಟ್ಟು ಮಾಂಟೆಸ್ಸರಿ ಶಾಲೆ ಎಂದು ಬೋರ್ಡು ಹಾಕತೊಡಗಿದರು. ಇದನ್ನು ತಡೆಯಲು, ತರಬೇತಿಯ ಮಟ್ಟ ಕಾಪಾಡಲು 1929ರಲ್ಲಿ ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘ ಸ್ಥಾಪನೆಯಾಯಿತು. ಶಿಕ್ಷಕಿಯಾಗುವವಳಿಗೆ ಅವರು ಇಟ್ಟ ದೊಡ್ಡ ಪರೀಕ್ಷೆ ಪಾಠ ಹೇಳುವುದಲ್ಲ, ಸುಮ್ಮನೆ ಕೂತು ಮಗುವನ್ನು ಗಮನಿಸುವುದು. ಮಗು ಕೆಲಸದಲ್ಲಿ ಮುಳುಗಿದಾಗ ನಡುವೆ ಬಾಯಿ ಹಾಕದಿರುವುದು ಎಲ್ಲಕ್ಕಿಂತ ಕಷ್ಟದ ಪಾಠ.

ಅವರು ತಪ್ಪು ಮಾಡದವರೇನೂ ಅಲ್ಲ. 1924ರಿಂದ ಸರ್ವಾಧಿಕಾರಿ ಮುಸೊಲಿನಿಯ ಸರ್ಕಾರ ಅವರ ಶಾಲೆಗಳಿಗೆ ಬೆಂಬಲ ಕೊಟ್ಟಾಗ ಅದನ್ನು ಸ್ವೀಕರಿಸಿದರು. ಶಾಲೆಗಳು ಬೆಳೆಯುತ್ತವೆ ಎಂಬ ಆಸೆ. ಆದರೆ ಆ ಸರ್ಕಾರಕ್ಕೆ ಬೇಕಾಗಿದ್ದುದು ಸಾಲಾಗಿ ನಿಂತು ಆಜ್ಞೆ ಪಾಲಿಸುವ ಮಕ್ಕಳು. 1934ರಲ್ಲಿ ಸಂಬಂಧ ಮುರಿಯಿತು, ಇಟಲಿಯಲ್ಲಿ ಅವರ ಶಾಲೆಗಳು ಮುಚ್ಚಿದವು. ಹಣ ಕೊಡುವವನ ಅಳತೆಗೋಲು ಕೊನೆಗೆ ಮಗುವಿನ ಬೆನ್ನ ಮೇಲೆ ಬೀಳುತ್ತದೆ ಎಂಬುದನ್ನು ಅವರು ಕಷ್ಟಪಟ್ಟು ಕಲಿತರು. 1936ರಲ್ಲಿ ಅಂತರ್ಯುದ್ಧದಿಂದಾಗಿ ಸ್ಪೇನನ್ನೂ ಬಿಟ್ಟು ಹಾಲೆಂಡಿಗೆ ಹೋದರು.

ಮದ್ರಾಸಿನ ತಾಳೆಗರಿ ಚಪ್ಪರ

1939ರ ಕೊನೆಯಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಮಾಂಟೆಸ್ಸರಿ ಮಗ ಮಾರಿಯೊ ಜೊತೆ ಮದ್ರಾಸಿಗೆ ಬಂದರು. ಕರೆದವರು ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯವರು. ದೇಶದ ನಾನಾ ಕಡೆಯಿಂದ ಬಂದ ಸುಮಾರು 300 ಮಂದಿ ತಾಳೆಗರಿ ಚಪ್ಪರಗಳಡಿ ಕೂತು ಕಲಿತರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಇಟಲಿಯವರೆಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಶಿಬಿರದಲ್ಲಿ ಬಂಧಿಸಿಟ್ಟಿತು, ತಾಯಿಯ ಓಡಾಟಕ್ಕೆ ನಿರ್ಬಂಧ ಹಾಕಿತು. 1940ರ ಆಗಸ್ಟ್ 31, ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ವೈಸ್‌ರಾಯ್ ಕಡೆಯಿಂದ ಬಿಡುಗಡೆಯ ಸುದ್ದಿ ಬಂತು. ಅದರಲ್ಲಿ ಮಾರಿಯೊನನ್ನು ಸೋದರಳಿಯನೆಂದು ಹೇಳಿರಲಿಲ್ಲ, ಮಗನೆಂದೇ ಹೇಳಿತ್ತು. ನಾಲ್ವತ್ತೆರಡು ವರ್ಷ ಬಾಯಿಬಿಟ್ಟು ಹೇಳಲಾಗದ ಮಾತನ್ನು ಒಂದು ಸರ್ಕಾರಿ ತಂತಿ ಹೇಳಿಬಿಟ್ಟಿತು.

ಯುದ್ಧದ ನಡುವೆ ಕೊಡೈಕನಾಲ್‌ನಲ್ಲಿದ್ದಾಗ ಬೇರೆ ಬೇರೆ ವಯಸ್ಸಿನ ಮಕ್ಕಳೊಡನೆ ಗಿಡ, ಹುಳು, ಕಲ್ಲು, ನಕ್ಷತ್ರಗಳನ್ನೇ ಪಾಠವಾಗಿಸಿದರು. 1946ರಲ್ಲಿ ಯುರೋಪಿಗೆ ಮರಳಿ, ಮತ್ತೆ ಭಾರತಕ್ಕೆ ಬಂದು ತರಬೇತಿ ನಡೆಸಿದರು. ಇಲ್ಲಿ ಅವರಿಂದ ಕಲಿತವರು ಸಾವಿರಕ್ಕೂ ಹೆಚ್ಚು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. 1931ರಲ್ಲಿ ಲಂಡನ್ನಿನಲ್ಲಿ ಅವರನ್ನು ಭೇಟಿಯಾದ ಗಾಂಧೀಜಿ, ಈ ಶಿಕ್ಷಣ ಬಡವರ ಮಕ್ಕಳಿಗೂ ಸಿಗಲಿ ಎಂದು ಹಾರೈಸಿದ್ದರು. ಆ ದಾರಿಯಲ್ಲಿ ನಡೆದವರು ಗುಜರಾತಿನ ಗಿಜುಭಾಯಿ ಬಧೇಕ ಮತ್ತು ಮಹಾರಾಷ್ಟ್ರದ ತಾರಾಬಾಯಿ ಮೋಡಕ್. ಗಿಜುಭಾಯಿ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ತಾರಾಬಾಯಿ 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಹೋದರು. ಬಡ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ದುಬಾರಿ ಸಲಕರಣೆಗಳ ಬದಲು ಬೀಜ, ಚಿಪ್ಪು, ಕಲ್ಲು, ಎಲೆ. ಅಂಗನವಾಡಿ ಎಂಬ ಹೆಸರಿನ ಬೇರು ಆ ಅಂಗಳದಲ್ಲಿದೆ.

ನಮ್ಮೂರ ಅಂಗನವಾಡಿ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿಂದ ಅದು ನಾಡೆಲ್ಲ ಹಬ್ಬಿ ಶಿಕಾರಿಪುರದ ತಾಂಡಾಗಳಿಗೂ ಸೊರಬದ ಕಾಡಂಚಿನ ಹಳ್ಳಿಗಳಿಗೂ ಬಂತು. ವಿದ್ಯೆ ಮತ್ತು ಅನ್ನ ಜೊತೆಯಾಗಿ ಸಿಗಬೇಕೆಂಬುದು ಈ ನೆಲಕ್ಕೆ ಹೊಸ ವಿಚಾರವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ಅಲ್ಲಿ ಶಾಸ್ತ್ರಗಳ ಪಾಠದ ಜೊತೆಗೆ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಸಿಗುತ್ತಿತ್ತೆಂದು ತಿಳಿಸುತ್ತದೆ.

ಅಂಗನವಾಡಿಯಲ್ಲಿ ಒಂದು ತೂಕದ ಯಂತ್ರವಿದೆ, ಗೋಡೆಯ ಮೇಲೋ ಪುಸ್ತಕದಲ್ಲೋ ಬೆಳವಣಿಗೆಯ ನಕ್ಷೆಯಿದೆ. ಮಗುವಿನ ತೂಕ ಹಸಿರು ಪಟ್ಟಿಯಿಂದ ಕೆಳಗೆ ಜಾರಿದರೆ ಯಾರಾದರೂ ಮಗುವನ್ನು ಗದರುತ್ತಾರೆಯೇ? ಮಗುವಿಗೆ ಕಡಿಮೆ ಅಂಕ ಬಂತೆಂದು ಊಟ ನಿಲ್ಲಿಸುತ್ತಾರೆಯೇ? ಇಲ್ಲ. ಇನ್ನಷ್ಟು ಉಣಿಸುತ್ತಾರೆ, ಆಸ್ಪತ್ರೆಗೆ ಕಳಿಸುತ್ತಾರೆ, ಮುಂದಿನ ತಿಂಗಳು ಮತ್ತೆ ತೂಗುತ್ತಾರೆ. ತೂಗುವುದು ಉಣಿಸುವುದಕ್ಕೆ. ಸಾನ್ ಲೊರೆನ್ಸೊದ ವೈದ್ಯೆ ಶಾಲೆಗೂ ಇದೇ ನ್ಯಾಯ ಹೇಳಿದರು.

ಇಂದು ಲೋಕದಲ್ಲೆಲ್ಲ ಶಿಶುಶಾಲೆಗಳಿಗೆ ದರ್ಜೆ ಕೊಡುವ ಪದ್ಧತಿ ಬಂದಿದೆ. ಅಮೆರಿಕದ ಓಕ್ಲಹೋಮ ರಾಜ್ಯ 1998ರಲ್ಲಿ ಶಿಶುಕೇಂದ್ರಗಳಿಗೆ ನಕ್ಷತ್ರಗಳ ದರ್ಜೆ ಕೊಡಲಾರಂಭಿಸಿತು. ನಕ್ಷತ್ರ ಹೆಚ್ಚಾದಷ್ಟೂ ಸರ್ಕಾರದ ಹಣ ಹೆಚ್ಚು. ಬೇರೆ ರಾಜ್ಯಗಳೂ ಅದನ್ನು ಹಿಡಿದವು. ಬರಿಯ ನಕ್ಷತ್ರ ಸಾಲದು, ಹಿಂದುಳಿದ ಕೇಂದ್ರಕ್ಕೆ ಹೋಗಿ ಶಿಕ್ಷಕಿಯ ಪಕ್ಕದಲ್ಲಿ ನಿಂತು ಕಲಿಸುವವರೂ ಬೇಕೆಂದು ದರ್ಜೆಯ ಜೊತೆಗೆ ಸುಧಾರಣೆಯ ನೆರವನ್ನೂ ಸೇರಿಸಿದರು. ಭಾರತವೂ 2013ರಲ್ಲಿ ಶಿಶುಶಿಕ್ಷಣದ ರಾಷ್ಟ್ರೀಯ ನೀತಿ ತಂದು ಗುಣಮಟ್ಟದ ಅಳತೆಗಳನ್ನು ಗೊತ್ತುಪಡಿಸಿತು. 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರು, 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಆಡಲು ಬಯಲು, ಶುದ್ಧ ನೀರು, ಮಗುವಿನ ಮನೆಮಾತಿನಲ್ಲಿ ಕಲಿಕೆ. ಮನೆಯಲ್ಲಿ ಲಂಬಾಣಿ, ಉರ್ದು, ಕೊಂಕಣಿ ಆಡುವ ಮಕ್ಕಳಿರುವ ನಮ್ಮ ಊರುಗಳಲ್ಲಿ ಈ ಕೊನೆಯ ಮಾತು ಎಷ್ಟು ದೊಡ್ಡದು! 2023ರಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಪೋಷಣೆಯ ಜೊತೆ ಪಾಠವನ್ನೂ ಕಲಿಸುವ ರಾಷ್ಟ್ರೀಯ ತರಬೇತಿ ಆರಂಭವಾಯಿತು. 2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳು ಸರ್ಕಾರಿ ಮಾಂಟೆಸ್ಸರಿ ಎಂಬ ಹೆಸರು ಪಡೆದವು.

ಹೆಸರು ಬಂತು, ಸಂತೋಷ. ಆದರೆ ಬೋರ್ಡು ಬದಲಾದರೆ ಶಾಲೆ ಬದಲಾಗದು. ಅಂಗನವಾಡಿ ಕಾರ್ಯಕರ್ತೆ ಮಕ್ಕಳ ಜೊತೆಗೆ ಗರ್ಭಿಣಿಯರು, ಬಾಣಂತಿಯರು, ಆಹಾರದ ಲೆಕ್ಕ, ಮೊಬೈಲಿನಲ್ಲಿ ವರದಿ ಎಲ್ಲವನ್ನೂ ನೋಡಿಕೊಳ್ಳಬೇಕು. ಅಂಥವಳ ಬಳಿಗೆ ವಹಿ ನೋಡಿ ತಪ್ಪು ಬರೆದು ಹೋಗುವ ಮೇಲ್ವಿಚಾರಕಿ ಬಂದರೆ, ಮುಂದಿನ ಸಲ ವಹಿ ಚೊಕ್ಕಟವಾಗಿರುತ್ತದೆ, ಮಗು ಇದ್ದಲ್ಲೇ ಇರುತ್ತದೆ. ಒಂದು ಗಂಟೆ ಮಕ್ಕಳೊಡನೆ ನೆಲದ ಮೇಲೆ ಕೂತು, ಒಂದು ಹೊಸ ಆಟ ತೋರಿಸಿಕೊಟ್ಟು, ಒಂದು ತಿಂಗಳ ನಂತರ ಹೇಗಾಯಿತೆಂದು ಕೇಳುವವಳು ಬಂದರೆ ಶಾಲೆ ಬೆಳೆಯುತ್ತದೆ. ಸಂಖ್ಯೆಗಳು ಬೇಕು, ಸಂಖ್ಯೆಗಳೇ ಸಾಲವು. ಮಾಂಟೆಸ್ಸರಿಯವರ ಮೊದಲ ಶಾಲೆಯಲ್ಲಿ ಐವತ್ತು ಮಕ್ಕಳಿಗೆ ಇದ್ದವಳು ತರಬೇತಿಯಿಲ್ಲದ ಒಬ್ಬಳೇ ಶಿಕ್ಷಕಿ. ಇಂದಿನ ಅಳತೆಯಲ್ಲಿ ಆ ಶಾಲೆ ಮೊದಲ ದಿನವೇ ನಪಾಸು. ಅದನ್ನು ಎತ್ತಿ ನಿಲ್ಲಿಸಿದ್ದು ಬೆನ್ನಿಗಿದ್ದ ಆಸರೆ.

1952ರ ಮೇ 6ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಹಾಲೆಂಡಿನ ಕಡಲತೀರದ ನೂರ್ಡ್‌ವೈಕ್ ಎಂಬ ಊರಿನಲ್ಲಿ ಮರಿಯಾ ಮಾಂಟೆಸ್ಸರಿ ತೀರಿಕೊಂಡರು. ಮಗ ಬಳಿಯಲ್ಲಿದ್ದ. ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಮಾತೆಯರೇ, ತಂದೆಯರೇ, ಈ ಸಲ ಮಗುವಿಗೆ ಶಾಲೆ ಹುಡುಕುವಾಗ ಬೋರ್ಡು ನೋಡಿ ಬರಬೇಡಿ. ಅರ್ಧ ಗಂಟೆ ಒಳಗೆ ಕೂತು ನೋಡಿ. ಮಗುವಿನ ಕೈಗೆ ಎಟಕುವಲ್ಲಿ ಏನಾದರೂ ಇದೆಯೇ? ಶಿಕ್ಷಕಿ ಮಗುವಿನೊಡನೆ ಮಾತಾಡುವಾಗ ಬಗ್ಗುತ್ತಾಳೆಯೇ? ಮಗು ಭಯವಿಲ್ಲದೆ ಪ್ರಶ್ನೆ ಕೇಳುತ್ತದೆಯೇ? ಕೊರತೆ ಕಂಡರೆ ಊರಲ್ಲಿ ದೂರು ಹೇಳುವ ಮೊದಲು, ಸಾನ್ ಲೊರೆನ್ಸೊದ ತಾಯಂದಿರಂತೆ ವಾರಕ್ಕೊಮ್ಮೆ ಶಿಕ್ಷಕಿಯ ಬಳಿ ಹೋಗಿ. ಅಂಗನವಾಡಿಗೊಂದು ಬಾಲವಿಕಾಸ ಸಮಿತಿ ಇರುತ್ತದೆ, ಅದರ ಸಭೆಗೆ ಹೋಗಿ. ಕಪಾಟಿಲ್ಲವೇ? ಊರ ಬಡಗಿಯಿಂದ ಒಂದು ಗಿಡ್ಡ ಕಪಾಟು ಮಾಡಿಸಿಕೊಡಿ. ಧರ್ಮಕೇಂದ್ರಗಳಲ್ಲಿ ನಾವೇ ನಡೆಸುವ ಶಿಶುವಿಹಾರಗಳೂ ಇದೇ ತಕ್ಕಡಿಯಲ್ಲಿ ನಿಲ್ಲಲಿ. ಅಲ್ಲಿಯ ಕೊರತೆಯನ್ನು ನಮಗೆ ತೋರಿಸಿಕೊಡಿ, ತೋರಿಸಿದ ಮೇಲೆ ಅದನ್ನು ನೀಗಿಸಲು ಜೊತೆಗೂ ಬನ್ನಿ.